ನೆತ್ತಿಯ ಹಳದಿ ಮಚ್ಚೆ

ಪಟ್ಟಣದಲ್ಲಿ ಸುಲ್ತಾನರಿದ್ದ ಆ ಕಾಲದಲ್ಲಿ, ನಾಗಮಂಗಲದ ನಮ್ಮ ಅಕ್ಕಸಾಲಿಗರ ಬೀದಿಯಲ್ಲಿ ಬೆಳಗಾದರೆ ಇದ್ದಿಲ ಹೊಗೆಯೂ ರಾಗಿರೊಟ್ಟಿಯ ವಾಸನೆಯೂ ಒಟ್ಟಿಗೇ ಏಳುತ್ತಿದ್ದವು. ಹುಡುಗಿಯರೆಲ್ಲ ಜಗಲಿಯ ಮೇಲೆ ಅಳಗುಳಿ ಮಣೆ ಹಾಕಿಕೊಂಡು ಕೂರುತ್ತಿದ್ದೆವು. ನಾನು ಮೈನೆರೆದ ವರ್ಷದ ಬೇಸಿಗೆಯನ್ನು ಮಾತ್ರ ಆ ಆಟವನ್ನು ಒಳಕೋಣೆಯಿಂದ ಕೇಳಿಸಿಕೊಂಡೇ ಕಳೆದೆ. ಬಾಗಿಲಿಗೆ ಹೊರಗಿನಿಂದ ಚಿಲಕ.

ನನ್ನ ನೆತ್ತಿಯಲ್ಲಿ ಕೂದಲಿಲ್ಲದ ಹಳದಿ ಮಚ್ಚೆಯೊಂದಿತ್ತು. ಅವ್ವ ಅದರ ಮೇಲೆ ಜಡೆ ಎಳೆದು ಬಿಗಿದು, ಅಪ್ಪನಿಗೂ ಕಾಣದಂತೆ ಮುಚ್ಚಿದ್ದಳು. ಆ ವರ್ಷ ಅದು ದಪ್ಪಗಾಗಿ ಗಂಟುಗಂಟಾಗಿ ಎದ್ದಿತು. ಎಣ್ಣೆನೀರಿನ ದಿನ ಸೋದರತ್ತೆ ಕಂಡುಬಿಟ್ಟಳು. ಅವಳ ಬಾಯಿಗೆ ಬೀಗವೆಲ್ಲಿ? ಹಿಂದಿನ ಸುಗ್ಗಿಯಲ್ಲಷ್ಟೇ ಅಪ್ಪ ಊರಮ್ಮನಿಗೆ ಚಿನ್ನದ ಕಿರೀಟ ಮಾಡಿಕೊಟ್ಟಿದ್ದರು. ಅಪ್ಪ ದೇವರ ಚಿನ್ನ ಕದ್ದದ್ದು ಮಗಳ ತಲೆಯಲ್ಲಿ ಕುಷ್ಠವಾಗಿ ಎದ್ದಿದೆ ಎಂದು ಊರು ತೀರ್ಮಾನಿಸಿ, ನನ್ನನ್ನು ಕೋಣೆಯಲ್ಲಿ ಕೂಡಿಹಾಕಿಸಿತು. ಅಪ್ಪ ಕಾದ ಎಣ್ಣೆಯಲ್ಲಿ ಬಲಗೈ ಅದ್ದಿ ಸತ್ಯ ತೋರಿಸಬೇಕಂತೆ. ಆ ಕೈ ಹೋದರೆ ಅಕ್ಕಸಾಲಿಗನಿಗೆ ಇನ್ನೇನು ಉಳಿಯಿತು? ಅಡುಗೆಮನೆಯಲ್ಲಿ ಒಗ್ಗರಣೆ ಚುರ್ ಎಂದರೂ ನಾನು ಕೋಣೆಯಲ್ಲಿ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಈ ತಲೆಯನ್ನೇ ಕಿತ್ತೆಸೆಯಬೇಕು ಅನಿಸುತ್ತಿತ್ತು.

ಎಣ್ಣೆ ಕಾಯಿಸುವ ಮೊದಲು ಮದ್ದು ಕೊಡುವ ಪಂಡಿತರೊಮ್ಮೆ ನೋಡಲಿ ಎಂದರು ಊರಗೌಡರು. ಪಂಡಿತರು ಕೂದಲು ಬಿಡಿಸಿ, ಗಂಟನ್ನು ಒತ್ತಿ ನೋಡಿದರು. ನೋವಿಲ್ಲ, ಕೀವಿಲ್ಲ. ಅವ್ವನ ಕಡೆ ತಿರುಗಿದರು.

“ಇದು ಹುಟ್ಟಿದಾಗಲೇ ಇತ್ತೇನವ್ವಾ?”

ಅವ್ವ ಬಿಡಿಸಿದ ಕೂದಲನ್ನು ಮತ್ತೆ ಮಚ್ಚೆಯ ಮೇಲೆ ಎಳೆದಳು. ಯಾಕೆಂದು ನನಗೆ ಗೊತ್ತಿತ್ತು. ಕ್ಯಾತನಹಳ್ಳಿಯಲ್ಲಿ ನನಗೆ ಗಂಡು ನಿಶ್ಚಯವಾಗಿತ್ತು, ಊರಿನ ಮಾತು ಇನ್ನೂ ಅಲ್ಲಿಗೆ ಮುಟ್ಟಿರಲಿಲ್ಲ. ಹುಟ್ಟಿನ ಊನ ಮುಚ್ಚಿಟ್ಟು ಹೆಣ್ಣು ಒಪ್ಪಿಸಿದ್ದಾರೆಂದು ತಿಳಿದರೆ ಆ ಸಂಬಂಧ ಅಲ್ಲಿಗೆ ಮುಗಿಯಿತು. ಅವಳು ನನ್ನ ಮುಖ ನೋಡಿದಳು, ಅಪ್ಪನ ಕೈ ನೋಡಿದಳು.

“ಉಟ್ದಾಗ್ಲೇ ಇತ್ತು ಸ್ವಾಮಿ. ನಾನೇ ಮುಚ್ಚಿಕ್ಕಿದ್ದೆ,” ಅಂದಳು.

ಇಂಥವು ಎಳವೆಯಲ್ಲಿ ಚಪ್ಪಟೆಯಾಗಿದ್ದು, ಪ್ರಾಯ ಬಂದಾಗ ದಪ್ಪಗಾಗುತ್ತವೆ, ಕುಷ್ಠವಲ್ಲ, ಹರಡುವುದಿಲ್ಲ ಎಂದು ಪಂಡಿತರು ಗೌಡರಿಗೆ ಬಿಡಿಸಿ ಹೇಳಿದರು. ಹುಡುಗಿಯ ಜೊತೆ ಹುಟ್ಟಿದ್ದಕ್ಕೆ ಮೊನ್ನೆಯ ಕಿರೀಟ ಹೇಗೆ ಕಾರಣವಾದೀತು ಎಂದೂ ಕೇಳಿದರು. ಎಣ್ಣೆಯ ಮಾತು ನಿಂತಿತು. ನನ್ನ ಕೋಣೆಯ ಚಿಲಕವನ್ನೂ ತೆಗೆದರು. ವಾರ ಕಳೆಯುವುದರೊಳಗೆ ಕ್ಯಾತನಹಳ್ಳಿಯವರು ಬಂದು ತಾಂಬೂಲ ಹಿಂದಿರುಗಿಸಿ ಹೋದರು. ಆಮೇಲೆ ಯಾರೂ ಕೇಳಿಕೊಂಡು ಬರಲಿಲ್ಲ.

ಈಗ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ಅವ್ವನ ಮೇಲೆ ನನಗೆ ಸಿಟ್ಟಿಲ್ಲ. ಆ ಕೈ ಉಳಿಯಿತಲ್ಲ ಎಂದು ಇವತ್ತಿಗೂ ಸಂತೋಷವೇ. ನನ್ನ ಓರಗೆಯವರೆಲ್ಲ ಮೊಮ್ಮಕ್ಕಳನ್ನು ಕಂಡಿದ್ದಾರೆ. ಅವರ ತಾಳಿಗಳನ್ನೆಲ್ಲ ಮಾಡಿಕೊಟ್ಟದ್ದು ಅಪ್ಪನ ಆ ಬಲಗೈಯೇ. ನನಗೊಂದು ಮಾಡುವ ದಿನ ಮಾತ್ರ ಅದಕ್ಕೆ ಬರಲಿಲ್ಲ.