ರೈಲು ಶುಕೂರನ ಸೈಕಲ್

ಕೃಷ್ಣಮೋಹನ ಶುಕೂರನನ್ನು ಮೊದಲ ಬಾರಿ ಕಂಡದ್ದು 1958ರ ಜನವರಿಯ ಒಂದು ಸೋಮವಾರ, ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ. ಅರಂತೋಡಿನ ಶಾಲೆಗೆ ಅವನು ಮಾಷ್ಟ್ರಾಗಿ ಸೇರಬೇಕಿದ್ದ ದಿನ ಅದು. ಕಡಬದ ಕಡೆಯ ಅವನ ಮನೆತನದಲ್ಲಿ ಬಿ.ಎ. ಪಾಸಾದ ಮೊದಲಿಗ ಅವನೇ. ಸರ್ಟಿಫಿಕೇಟುಗಳನ್ನೆಲ್ಲ ಮೇಣಬಟ್ಟೆಯಲ್ಲಿ ಸುತ್ತಿ ಚೀಲದ ತಳದಲ್ಲಿ ಇಟ್ಟುಕೊಂಡಿದ್ದ. ಸುಳ್ಯದಲ್ಲಿ ಕೊಂಡ ಹಳೆಯ ಸೈಕಲ್ಲಿನ ಹಿಂದಿನ ಚಕ್ರ ಪೆರಾಜೆ ದಾಟುವಷ್ಟರಲ್ಲಿ ಗಾಳಿ ಬಿಟ್ಟಿತು. ಉಳಿದ ದಾರಿಯನ್ನು ತಳ್ಳಿಕೊಂಡೇ ಬಂದ.

ರಸ್ತೆಬದಿಯಲ್ಲಿ ಆರೇಳು ಅಂಗಡಿಗಳಿದ್ದವು. ಕುಕ್ಕಪ್ಪನ ಚಾ ಹೋಟೆಲಿನ ಗೋಡೆಗೆ ತಾಗಿಸಿ ಹುಲ್ಲು ಹೊದಿಸಿದ ಒಂದು ಮಾಡು ಇಳಿಸಿದ್ದರು. ಅದರ ಕೆಳಗೆ, ಲುಂಗಿ ಮೇಲೆ ಕಟ್ಟಿ, ತೂತು ಬನಿಯನ್ನು ತೊಟ್ಟ ಒಬ್ಬ ಮನುಷ್ಯ ಕುಕ್ಕರುಗಾಲಲ್ಲಿ ಕೂತು, ಟ್ಯೂಬನ್ನು ಬಾಲ್ದಿಯ ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ. ವಯಸ್ಸು ಇಪ್ಪತ್ತೆಂಟಿರಬಹುದು. ತಲೆ ಎತ್ತದೆಯೇ ಮಾತಾಡಿದ.

“ಕೂತ್ಕೊಳ್ಳಿ ಮಾಷ್ಟ್ರೆ.”

“ನಾನು ಮಾಷ್ಟ್ರು ಅಂತ ಹೇಗೆ ಗೊತ್ತಾಯ್ತು?”

“ಪಂಕ್ಚರಾದ ಸೈಕಲಿಗೆ ಇಷ್ಟು ಮರ್ಯಾದೆ ಕೊಟ್ಟು ತಳ್ಳುವವರು ಬೇರೆ ಯಾರು ಮಾರಾಯ್ರೆ?”

ಹೋಟೆಲಿನ ಒಳಗಿನಿಂದ ಕುಕ್ಕಪ್ಪ ನಕ್ಕದ್ದು ಕೇಳಿಸಿತು. ಶುಕೂರ್ ಮೂರು ತೂತು ಮುಚ್ಚಿದ. ಆಮೇಲೆ ನೀರಿನಲ್ಲಿ ನೆನೆಹಾಕಿದ್ದ, ಅಡಿಕೆ ಸೋಗೆಯ ಬುಡದ ದಪ್ಪ ಹಾಳೆಯೊಂದನ್ನು ತೆಗೆದು, ಎರಡು ಬೆರಳು ಅಗಲದ ಪಟ್ಟಿಗಳನ್ನಾಗಿ ಕತ್ತರಿಸಿ, ಟಯರಿನ ಒಳಮೈಗೆ ಸುತ್ತಲೂ ಹಾಸಿದ. ಅದರ ಮೇಲೆ ಟ್ಯೂಬು ಕೂರಿಸಿದ.

“ಎಂತ ಇದು?”

“ಹಾಳೆ. ಇನ್ನು ಮುಳ್ಳಿಗೆ ನಿಮ್ಮ ಟ್ಯೂಬಿನ ಹತ್ತಿರ ಹೋಗ್ಲಿಕ್ಕೆ ಇದರ ಪರ್ಮಿಷನ್ ಬೇಕು.”

ಆ ಮಾತು ಸುಳ್ಳಾಗಲಿಲ್ಲ. ಎರಡು ವರ್ಷ ಕೃಷ್ಣಮೋಹನನ ಸೈಕಲ್ಲಿಗೆ ಮುಳ್ಳು ತಾಗಲಿಲ್ಲ. ಹಾಳೆಯ ಈ ಕೆಲಸ ಶುಕೂರನೇ ಕಂಡುಹಿಡಿದದ್ದು. ಆಲೆಟ್ಟಿಯಿಂದಲೂ ಸಂಪಾಜೆಯಿಂದಲೂ ಜನ ಅದಕ್ಕಾಗಿಯೇ ಅವನಲ್ಲಿಗೆ ಬರುತ್ತಿದ್ದರು.

ಅದೇ ದಿನ ಕೃಷ್ಣಮೋಹನ ಮಾಡಿನ ಗೋಡೆಯ ಮೇಲೆ ಇನ್ನೊಂದನ್ನು ನೋಡಿದ್ದ. ಯಾವುದೋ ಶಾಲೆಯ ಗುಜರಿಯಿಂದ ಬಂದ ಇಂಡಿಯಾದ ನಕ್ಷೆ. ಅಂಚು ಹರಿದಿತ್ತು. ಅರಂತೋಡು ಇರಬೇಕಾದ ಜಾಗದಲ್ಲಿ ಮೊಳೆ ಹೊಡೆದು, ಅಲ್ಲಿಂದ ಪೆನ್ಸಿಲ್ ಗೆರೆ ಎಳೆದಿದ್ದರು. ಗೆರೆ ಮಡಿಕೇರಿ, ಮೈಸೂರು, ಬೊಂಬಾಯಿ ದಾಟಿ ರಾಜಸ್ಥಾನದ ಮರಳಿನ ನಡುವೆ ಹೋಗಿ, ಅಲ್ಲಿಂದ ನೆಟ್ಟಗೆ ಹಿಮಾಲಯದ ಕಡೆಗೆ ತಿರುಗಿತ್ತು.

“ಇಲ್ಲಿ ರಸ್ತೆ ಇಲ್ಲವಲ್ಲ,” ಎಂದು ಕೃಷ್ಣಮೋಹನ ಮರಳಿನ ಮೇಲೆ ಬೆರಳಿಟ್ಟ. ಭೂಗೋಳ ಅವನಿಗೆ ಬಾಯಿಪಾಠ.

“ರಸ್ತೆ ಇಲ್ಲದಿದ್ರೆ ಬೇಡ. ಜನ ಉಂಟಲ್ಲ? ಅವರು ಹಾರಿಕೊಂಡು ಹೋಗುದಿಲ್ಲ.”

ಶುಕೂರನಿಗೆ ಹದಿನೆಂಟಿರುವಾಗ ಘಾಟಿ ಇಳಿದು ಬಂದ ಒಬ್ಬ ಯಾತ್ರಿಕ ಅವನ ಅಪ್ಪನ ಕೈಯಲ್ಲಿ ಚೈನು ಸರಿಮಾಡಿಸಿಕೊಂಡು ಹೋಗಿದ್ದನಂತೆ. ಸೈಕಲ್ಲಿನಲ್ಲಿ ದೇಶ ಸುತ್ತುವವ. “ನಮ್ಮ ಬಾಪ ರಿಪೇರಿ ಮಾಡಿದ್ರು, ಅವ ಹೋದ. ಯಾವಾಗಲೂ ನಾವು ರಿಪೇರಿ ಮಾಡುದು, ಬೇರೆಯವರು ಹೋಗುದು. ಒಮ್ಮೆ ನಾವೂ ಹೋಗ್ಬೇಕಲ್ಲ ಮಾಷ್ಟ್ರೆ?” ಎಂದು ಶುಕೂರ್ ಕೇಳಿದ.

1959ರ ನವೆಂಬರಿನಲ್ಲಿ ಶುಕೂರ್ ಹೊರಟೇಬಿಟ್ಟ. ಕೃಷ್ಣಮೋಹನ ತನ್ನ ಕೈಯಿಂದಲೇ ಒಂದು ದಪ್ಪ ನೋಟುಪುಸ್ತಕಕ್ಕೆ ಬೈಂಡು ಹಾಕಿ, ಮೊದಲ ಪುಟದಲ್ಲಿ ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಬರೆದುಕೊಟ್ಟ: ಈತ ದಕ್ಷಿಣ ಕನ್ನಡದ ಅರಂತೋಡಿನವನು, ಸೈಕಲ್ಲಿನಲ್ಲಿ ಬಂದಿದ್ದಾನೆ, ದಯವಿಟ್ಟು ಸಹಿ ಹಾಕಿ ಸೀಲು ಒತ್ತಿರಿ. “ಪ್ರತಿ ಊರಿನ ಪೋಸ್ಟಾಫೀಸಲ್ಲಿ ಸೀಲು ಹಾಕಿಸಿ. ನಾಳೆ ಯಾರೂ ಒಂದು ಮಾತು ಹೇಳಬಾರದು,” ಎಂದ. ಶುಕೂರನ ತಾಯಿ ನೆಬೀಸ ಒಂದು ಭರಣಿ ಮಾವಿನ ಉಪ್ಪಿನಕಾಯಿಯನ್ನು ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿದಳು. ಕುಕ್ಕಪ್ಪ ಚಾ ಕೊಟ್ಟು ಕಳಿಸುವಾಗ, “ಮೈಸೂರಿನಿಂದ ವಾಪಸ್ ಬರುವಾಗ ಬಸ್ಸಿನ ಮೇಲೆ ಸೈಕಲ್ ಸರಿಯಾಗಿ ಕಟ್ಟಿಸು ಮಾರಾಯ,” ಎಂದ. ಎಲ್ಲರೂ ನಕ್ಕರು. ಶುಕೂರನೂ ನಕ್ಕು ಪೆಡಲು ತುಳಿದ.

ಫೆಬ್ರವರಿಯಲ್ಲಿ ಜೋಧಪುರದ ಮುದ್ರೆಯಿದ್ದ ಒಂದು ಕಾರ್ಡು ಬಂತು. ಶುಕೂರನಿಗೆ ಬರೆಯಲು ಬರುತ್ತಿದ್ದುದು ತನ್ನ ಹೆಸರು ಮಾತ್ರ. ಯಾರ ಕೈಯಿಂದಲೋ ಹಿಂದಿಯಲ್ಲಿ ಎರಡು ಸಾಲು ಬರೆಸಿದ್ದ. ಕೃಷ್ಣಮೋಹನ ಅದನ್ನು ಹೋಟೆಲಿನಲ್ಲಿ ಓದಿ ಹೇಳಿದ.

“ಜೋಧಪುರಕ್ಕೆ ರೈಲು ಉಂಟಾ ಮಾಷ್ಟ್ರೆ?” ಎಂದು ಕುಕ್ಕಪ್ಪ ಕೇಳಿದ.

“ಉಂಟು.”

“ಉಂಟಲ್ಲ,” ಎಂದು ಕುಕ್ಕಪ್ಪ ಗ್ಲಾಸು ತೊಳೆಯುವುದನ್ನು ಮುಂದುವರಿಸಿದ.

ಅದಾದ ಮೇಲೆ ಕಾರ್ಡೂ ಇಲ್ಲ, ಸುದ್ದಿಯೂ ಇಲ್ಲ. ಶುಕೂರ್ ತಿರುಗಿ ಬಂದದ್ದು 1960ರ ನವೆಂಬರಿನಲ್ಲಿ, ಒಂದು ಶನಿವಾರ ಮಧ್ಯಾಹ್ನ. ಸಂಪಾಜೆಯ ಕಡೆಯಿಂದ ಗಂಟೆ ಬಾರಿಸುತ್ತ ಬಂದ. ಮೈ ಒಣಗಿ ಕಡ್ಡಿಯಾಗಿತ್ತು, ಮೂಗಿನ ಮೇಲಿನ ಚರ್ಮ ಸುಲಿದಿತ್ತು. ಹೋಟೆಲಿನಲ್ಲಿದ್ದವರೆಲ್ಲ ರಸ್ತೆಗೆ ಇಳಿದರು. ಶಾಲೆ ಬಿಟ್ಟು ಅಲ್ಲಿಗೇ ಬಂದಿದ್ದ ಕೃಷ್ಣಮೋಹನ ಎಲ್ಲರಿಗಿಂತ ಮುಂದೆ ಓಡಿದ. ಓಡಿದವನು ಹೇಗಿದ್ದೀರಿ ಎಂದು ಕೇಳಬೇಕಿತ್ತು. ಅವನ ಬಾಯಿಂದ ಬಂದದ್ದು ಬೇರೆ ಮಾತು.

“ಪುಸ್ತಕ ಎಲ್ಲಿ?”

ಶುಕೂರ್ ಸೈಕಲ್ಲಿಗೆ ಸ್ಟ್ಯಾಂಡು ಹಾಕಿದ. “ಬಿಯಾಸ್ ಹೊಳೆಯಲ್ಲಿ.”

“ಹೊಳೆಯಲ್ಲಿ ಅಂದ್ರೆ?”

“ಬಿದ್ದು ಹೋಯ್ತು.”

ಕುಕ್ಕಪ್ಪ ನಿಧಾನವಾಗಿ ಹೇಳಿದ: “ಹಾಗಾದ್ರೆ ಪುಸ್ತಕ ಹೊಳೆಯಲ್ಲಿ ಹೋಯ್ತು, ಸೈಕಲ್ ರೈಲಲ್ಲಿ ಬಂತು.”

ರಸ್ತೆಯೇ ನಕ್ಕಿತು. ಸಂಜೆಯಾಗುವಷ್ಟರಲ್ಲಿ ಹೆಸರು ಬಿದ್ದಿತ್ತು: ರೈಲು ಶುಕೂರ್. ಆ ಊರಿನಲ್ಲಿ ರೈಲು ಕಂಡವರು ನಾಲ್ಕು ಮಂದಿ ಇದ್ದಿರಬಹುದು. ರೈಲಿನ ಕೂಗು ಕೇಳಬೇಕಾದರೆ ಮಂಗಳೂರಿಗೇ ಹೋಗಬೇಕು. ಆದರೂ ಹೆಸರು ಗಟ್ಟಿಯಾಗಿ ಕೂತಿತು. ಶುಕೂರ್ ಅಂದಿನಿಂದ ಯಾತ್ರೆಯ ಸುದ್ದಿ ಎತ್ತಲಿಲ್ಲ. ಯಾರಾದರೂ ಕೆಣಕಿದರೆ ಪಂಪು ಒತ್ತುವ ಸದ್ದು ಜೋರಾಗುತ್ತಿತ್ತು, ಅಷ್ಟೇ.

ಒಂದು ದಿನ ನೆಬೀಸ ಶಾಲೆಯ ಜಗಲಿಗೇ ಬಂದಳು. ತಲೆಯ ಮೇಲಿನ ಬಟ್ಟೆಯನ್ನು ಸರಿಮಾಡಿಕೊಂಡು, ಕೂರದೆ ನಿಂತೇ ಮಾತಾಡಿದಳು.

“ಮಾಷ್ಟ್ರೆ, ನೀವು ಪುಸ್ತಕ ಅಂತ ಕೇಳದಿದ್ರೆ ಯಾರಿಗೂ ಅದರ ನೆನಪೇ ಆಗ್ತಿರ್ಲಿಲ್ಲ. ಈಗ ಮದುವೆಮನೆಗೆ ಹೋದ್ರೆ ‘ರೈಲಿನ ಉಮ್ಮ ಬಂದ್ರು, ಜಾಗ ಬಿಡಿ’ ಅಂತಾರೆ. ನನ್ನ ಮಗ ಕಳ್ಳತನ ಮಾಡಿದ್ರೆ ನಾನು ತಲೆ ತಗ್ಗಿಸ್ತೇನೆ. ಸೈಕಲ್ ಬಿಟ್ಟದ್ದಕ್ಕೆ ಯಾಕೆ ತಗ್ಗಿಸ್ಬೇಕು?”

ಅವಳು ಹೇಳಿದ್ದು ಕೃಷ್ಣಮೋಹನನಿಗೆ ನಿಜವೆನಿಸಿತು. ಇಡೀ ಊರಿನಲ್ಲಿ ಶುಕೂರನ ಮಾತನ್ನು ನಂಬಬೇಕಾದವನು ತಾನು. ನಂಬುವುದಕ್ಕೆ ಮೊದಲು ಸೀಲು ಕೇಳಿದವನೂ ತಾನೇ. ಅದಕ್ಕಿಂತ ಹೆಚ್ಚು ಕುಟುಕಿದ್ದು ಇನ್ನೊಂದು: ತನಗೂ ಪೂರ್ತಿ ನಂಬಿಕೆ ಇರಲಿಲ್ಲ. ಅವನು ಶುಕೂರನ ಮಾಡಿಗೆ ಹೋಗಿ, ಜೋಧಪುರ, ಕುಲು, ಮನಾಲಿಗಳ ಪೋಸ್ಟ್‌ಮಾಸ್ತರರಿಗೆ ಪತ್ರ ಬರೆಯುತ್ತೇನೆ, ಅವರ ಉತ್ತರ ಬಂದರೆ ಊರಿನ ಬಾಯಿ ಮುಚ್ಚುತ್ತದೆ ಎಂದ.

“ಬೇಡ,” ಎಂದ ಶುಕೂರ್.

“ನಿಮ್ಮ ಮಾತು ಸತ್ಯ ಅಂತ ಆಗ್ಬೇಕಲ್ಲ?”

“ಅದು ಆಗಿ ಆಯ್ತು ಮಾಷ್ಟ್ರೆ. ನಾನು ತುಳಿಯುವಾಗಲೇ ಆಯ್ತು.”

“ಮತ್ತೆ ನಾನು ಎಂತ ಮಾಡ್ಬೇಕು?”

“ಬರುವ ಆದಿತ್ಯವಾರ ನನ್ನೊಟ್ಟಿಗೆ ಮಡಿಕೇರಿಗೆ ಬನ್ನಿ. ಸೈಕಲಲ್ಲಿ.”

1961ರ ಫೆಬ್ರವರಿಯ ಆ ಭಾನುವಾರ ಇಬ್ಬರೂ ಬೆಳ್ಳಂಬೆಳಿಗ್ಗೆ ಹೊರಟರು. ಸಂಪಾಜೆಯ ತನಕ ಕೃಷ್ಣಮೋಹನ ಮಾತಾಡಿಕೊಂಡೇ ಬಂದ. ಕೊಯನಾಡು ದಾಟಿದ ಮೇಲೆ ಮಾತು ನಿಂತಿತು. ಮರ ಹೇರಿದ ಲಾರಿಗಳು ಏದುಸಿರು ಬಿಡುತ್ತ ಹತ್ತುತ್ತಿದ್ದವು. ಅವನ ಉಸಿರು ಲಾರಿಗಿಂತ ಜೋರಾಗಿತ್ತು. ಶುಕೂರ್ ಅವನ ಚೀಲವನ್ನೂ ತನ್ನ ಕ್ಯಾರಿಯರಿಗೆ ಕಟ್ಟಿಕೊಂಡು, ಸೀಟಿನಿಂದ ಏಳದೆ, ಅಕ್ಕಿ ಬೀಸುವವರ ಹಾಗೆ ಒಂದೇ ಹದದಲ್ಲಿ ತುಳಿಯುತ್ತ ಹೋದ. ಸೈಕಲ್ಲಿನಲ್ಲಿ ಒಂದು ವರ್ಷ ಕಳೆದವನ ತುಳಿತ ಅದು. ಅದನ್ನು ನೋಡಿದ ಯಾರಿಗೂ ಸೀಲು ಬೇಕಾಗುತ್ತಿರಲಿಲ್ಲ. ಆದರೆ ನೋಡಲು ಅವನ ಹಿಂದೆ ಹೋಗಬೇಕು. ಅಷ್ಟು ದೂರ ಯಾರೂ ಹೋಗಿರಲಿಲ್ಲ.

ಜೋಡುಪಾಲದ ಹತ್ತಿರ ಕೃಷ್ಣಮೋಹನನ ಹಿಂದಿನ ಟಯರು ಢಬ್ಬೆಂದಿತು. ಬೆರಳುದ್ದ ಸೀಳು. ಒಳಗಿನ ಹಾಳೆಯೂ ಹರಿದಿತ್ತು.

“ಇದಕ್ಕೆ ಹಾಳೆ ಸಾಲದು,” ಎಂದ ಶುಕೂರ್. ಕೃಷ್ಣಮೋಹನ ನೋಡುತ್ತಿದ್ದಂತೆ ಅವನು ತನ್ನ ಸೈಕಲ್ಲನ್ನೇ ಮಗುಚಿ ಹಾಕಿ, ಹಿಂದಿನ ಟಯರು ಬಿಚ್ಚಿದ. ಒಳಗೆ ಹಾಳೆ ಇರಲಿಲ್ಲ. ಕಂದು ಬಣ್ಣದ ಒಂದು ದಪ್ಪ ಪಟ್ಟಿ ಸುತ್ತಲೂ ಕೂತಿತ್ತು. ಚೂರಿಯಿಂದ ಅದರ ಒಂದು ಗೇಣು ಕೊಯ್ದ. ಅಂಚಿನಲ್ಲಿ ಒರಟಾದ ಕೂದಲು ಇನ್ನೂ ಅಂಟಿಕೊಂಡಿತ್ತು. ಕೃಷ್ಣಮೋಹನ ಕೈಗೆ ತೆಗೆದುಕೊಂಡು ಮೂಸಿದ. ದನದ್ದಲ್ಲ, ಆಡಿನದ್ದೂ ಅಲ್ಲ.

“ಎಂತದ್ದು ಇದು?”

“ಒಂಟೆ.”

ಆ ತುಂಡನ್ನು ಮಾಷ್ಟ್ರ ಟಯರಿನ ಸೀಳಿಗೆ ಒಳಗಿನಿಂದ ಇಟ್ಟು ಟಯರು ಕೂರಿಸುತ್ತ ಶುಕೂರ್ ಆವತ್ತು ಮೊದಲ ಸಲ ಹೇಳಿದ. ಪೋಕರಣದ ತನಕ ಹಾಳೆ ಚೆನ್ನಾಗಿಯೇ ಇತ್ತು. ಆಚೆ ಜೈಸಲ್ಮೇರಿನ ದಾರಿ, ಬರೀ ಮರಳು. ಮೂರು ದಿನಕ್ಕೆ ಹಾಳೆ ಒಣಗಿ ಹಪ್ಪಳವಾಯಿತು. ಒಡೆದ ಅಂಚು ಚೂರಿಯ ಹಾಗೆ ಟ್ಯೂಬನ್ನು ಕೊಯ್ಯತೊಡಗಿತು. ಒಂದೇ ದಿನ ಹನ್ನೊಂದು ಪಂಕ್ಚರ್.

“ಅಲ್ಲಿನ ಮುಳ್ಳು ನನಗೆ ಒಂದು ತೂತು ಮಾಡ್ಲಿಲ್ಲ ಮಾಷ್ಟ್ರೆ. ಹನ್ನೊಂದೂ ನಮ್ಮ ಹಾಳೆದೇ. ನಮ್ಮೂರಿನ ಗಾಳಿಯಲ್ಲಿ ನೀರು ಉಂಟು, ಅದಕ್ಕೆ ಹಾಳೆ ಮೆತ್ತಗೆ ಇರುದು ಅಂತ ನನಗೆ ತಲೆಗೇ ಹೋಗಿರ್ಲಿಲ್ಲ. ಹಾಳೆ ಅಂದ್ರೆ ಎಲ್ಲಿಯೂ ಹಾಳೆ ಅಂತ ತಿಳ್ಕೊಂಡಿದ್ದೆ.”

ಬಾವಿಯಿದ್ದ ಒಂದು ಹಳ್ಳಿಯಲ್ಲಿ ಒಂಟೆಗೆ ಜೀನು ಹೊಲಿಯುವ ಮುದುಕನೊಬ್ಬ ಅವನ ಟಯರಿನಿಂದ ಹಾಳೆ ಎಳೆದು ತೆಗೆದು, ಅದೇನೆಂದು ಅರ್ಥವಾಗದೆ, ಹೆಂಡತಿಗೆ ಕೊಟ್ಟನಂತೆ. ಆಕೆ ಅದನ್ನು ಒಲೆಗೆ ಹಾಕಿ ಇಬ್ಬರಿಗೂ ರೊಟ್ಟಿ ಸುಟ್ಟಳು. ಮುದುಕ ಒಂಟೆಯ ಚರ್ಮದ ಪಟ್ಟಿ ಕೊಯ್ದು ಕೊಟ್ಟ. “ಅದಾದ ಮೇಲೆ ಮೂರು ಟಯರು ಬದಲಾಯ್ತು. ಪಟ್ಟಿ ಇದೇ.”

“ಮತ್ತೆ ಪುಸ್ತಕ?”

“ರೋಹತಾಂಗ್ ಅಂತ ಒಂದು ಘಾಟಿ. ಹೇಸರಗತ್ತೆ ಹೋಗುವ ದಾರಿ. ಸೈಕಲನ್ನು ಹೆಗಲಲ್ಲಿ ಹೊತ್ತು ಹತ್ತಿದೆ. ಜೂನಿನಲ್ಲಿಯೂ ಮಂಜು. ಇಳಿಯುವಾಗ ಹೊಳೆ ದಾಟುವಲ್ಲಿ ಕಾಲು ಜಾರಿತು. ಒಂದು ಕೈಯಲ್ಲಿ ಸೈಕಲ್, ಒಂದು ಕೈಯಲ್ಲಿ ಚೀಲ. ನೀರು ಎರಡನ್ನೂ ಎಳೀತದೆ. ಒಂದು ಬಿಡ್ಲೇಬೇಕು.” ಶುಕೂರ್ ಪಂಪಿನ ಮೇಲೆ ಕೈಯೂರಿ ನಕ್ಕ. “ಸೈಕಲ್ ಬಿಟ್ಟಿದ್ರೆ ನಿಮ್ಮ ಪುಸ್ತಕ ಉಳೀತಿತ್ತು. ಪುಸ್ತಕ ಹಿಡ್ಕೊಂಡು ರೈಲಲ್ಲಿ ಆರಾಮಾಗಿ ಬರಬಹುದಿತ್ತು. ಎಲ್ಲರೂ ನಂಬ್ತಿದ್ರು.”

ಕೃಷ್ಣಮೋಹನ ತನ್ನ ಟಯರನ್ನು ಬೆರಳಿಂದ ಒತ್ತಿ ನೋಡಿದ. ಆಮೇಲೆ, “ಇವತ್ತೇ ಈ ಚರ್ಮವನ್ನು ಕುಕ್ಕಪ್ಪನ ಮೇಜಿನ ಮೇಲೆ ಇಡುವ,” ಎಂದ. “ಮಳೆಗಾಲ ಬಂದ್ರೆ ಇದು ಕೊಳೀತದೆ. ಈಗಲೇ ತೋರಿಸ್ಬೇಕು.”

“ಕೊಳೀಲಿ. ನಮ್ಮ ಹಾಳೆ ಅಲ್ಲಿ ಒಡೀತು, ಅವರ ಚರ್ಮ ಇಲ್ಲಿ ಕೊಳೀತದೆ. ಅದಕ್ಕೆಂತ?”

“ಸಾಕ್ಷಿ ಅಲ್ವಾ ಶುಕೂರ್?”

“ಸಾಕ್ಷಿ ಕೊಡುದು ತಪ್ಪು ಮಾಡಿದವ. ಆ ಮುದುಕ ನನ್ನತ್ರ ಸೀಲು ಕೇಳ್ಲಿಲ್ಲ. ಯಾವ ಊರು ಅಂದ, ಅರಂತೋಡು ಅಂದೆ, ಕೂತ್ಕೋ ಅಂದ. ಅವ ಕೊಟ್ಟದ್ದನ್ನು ಕುಕ್ಕಪ್ಪನ ಎದುರು ಹಿಡಿದು, ಈಗಾದ್ರೂ ನಂಬಿ ಸ್ವಾಮಿ ಅಂತ ಹೇಳುದಾ? ನನ್ನಿಂದಾಗುದಿಲ್ಲ. ನೀವೂ ತೋರಿಸ್ಬಾರದು.”

ತೋರಿಸುವುದಿಲ್ಲ ಎಂದು ಕೃಷ್ಣಮೋಹನ ಮಾತು ಕೊಟ್ಟ. ಮಡಿಕೇರಿಯ ತನಕದ ಉಳಿದ ದಾರಿಯನ್ನು ಅವನು ಬಹುಪಾಲು ತಳ್ಳಿಕೊಂಡೇ ಹತ್ತಿದ. ಇಳಿದು ಬಂದಾಗ ಸಂಜೆ ಐದು ಗಂಟೆ. ಕುಕ್ಕಪ್ಪ ಹೋಟೆಲಿನ ಬಾಗಿಲಲ್ಲೇ ನಿಂತಿದ್ದ.

“ರೈಲು ಎಲ್ಲಿಯ ತನಕ ಹೋಯ್ತು ಮಾಷ್ಟ್ರೆ?”

“ಜೈಸಲ್ಮೇರಿಗೆ ಹೋಯ್ತು. ರೋಹತಾಂಗಿಗೆ ಹೋಯ್ತು. ಸೈಕಲಲ್ಲೇ ಹೋಯ್ತು.”

“ನೀವು ನೋಡಿದ್ರಾ?”

“ನೋಡ್ಲಿಲ್ಲ. ಅವರು ಹೇಳಿದ್ದಾರೆ, ನನಗೆ ಅಷ್ಟು ಸಾಕು.”

“ಬಿ.ಎ. ಓದಿದವರು ಹೀಗೆ ಹೇಳುದಾ?” ಎಂದ ಕುಕ್ಕಪ್ಪ. ಆದರೆ ಆ ಸಲ ಯಾರೂ ನಗಲಿಲ್ಲ. ಮಾಷ್ಟ್ರ ಪ್ಯಾಂಟಿನ ಮೊಣಕಾಲು ಹರಿದಿತ್ತು, ಅಂಗಿಗೆಲ್ಲ ರಸ್ತೆಯ ಧೂಳು ಮೆತ್ತಿತ್ತು, ಜನ ಅದನ್ನೇ ನೋಡುತ್ತಿದ್ದರು.

ಹೆಸರು ಮಾತ್ರ ಹೋಗಲಿಲ್ಲ. ವಾರ ಕಳೆದು ಶುಕೂರ್ ಒಂದು ತಗಡು, ಒಂದು ಡಬ್ಬ ಬಿಳಿ ಬಣ್ಣ, ಒಂದು ಕುಂಚ ತಂದು ಕೃಷ್ಣಮೋಹನನ ಎದುರಿಟ್ಟ. ನಿಮ್ಮ ಅಕ್ಷರ ಚೆಂದ ಉಂಟು, ಅಂಗಡಿಗೆ ಬೋರ್ಡು ಬರೆದುಕೊಡಿ ಎಂದ.

“ಎಂತ ಬರೀಲಿ?”

“ರೈಲು ಶುಕೂರ್, ಸೈಕಲ್ ರಿಪೇರಿ.”

ಕೃಷ್ಣಮೋಹನ ಕುಂಚ ಕೆಳಗಿಟ್ಟ. “ಅದು ಬೇಡ.”

“ಅವರು ಬಾಯಲ್ಲಿ ಹೇಳುದು. ನಾನು ತಗಡಲ್ಲಿ ಹೇಳಿದ್ರೆ ಅವರಿಗೆ ಹೇಳ್ಲಿಕ್ಕೆ ಎಂತ ಉಳೀತದೆ?”

ನೆಬೀಸ ಅಲ್ಲೇ ಕೂತು ಮೀನು ಶುಚಿ ಮಾಡುತ್ತಿದ್ದಳು. ಮಗನನ್ನು ಬೈಯುತ್ತಾಳೆಂದು ಕೃಷ್ಣಮೋಹನ ಕಾದ. ಅವಳು ಕತ್ತಿಯಿಂದ ಕಣ್ಣು ತೆಗೆಯದೆ ಹೇಳಿದಳು: “ಅಕ್ಷರ ದೊಡ್ಡದು ಮಾಡಿ ಮಾಷ್ಟ್ರೆ. ಬಸ್ಸಲ್ಲಿ ಹೋಗುವವರಿಗೂ ಕಾಣ್ಬೇಕು.”

ಒಂಟೆಯ ಚರ್ಮದ ಆ ತುಂಡು ಆ ಮಳೆಗಾಲದಲ್ಲಿ ನಾತ ಹಿಡಿಯಿತು. ಕೃಷ್ಣಮೋಹನ ಅದನ್ನು ಯಾರಿಗೂ ತೋರಿಸದೆ ತನ್ನ ಟಯರಿನಿಂದ ತೆಗೆದು, ಶಾಲೆಯ ಹಿಂದಿನ ತೆಂಗಿನ ಬುಡದಲ್ಲಿ ಹೂತ.

ಇದೆಲ್ಲ ನಡೆದು ಎಂಟು ವರ್ಷವಾಯಿತು. ಶುಕೂರ್ ಅದೇ ಬೋರ್ಡಿನ ಕೆಳಗೆ ಅರಂತೋಡಿನಲ್ಲಿ ಸೈಕಲ್ ರಿಪೇರಿ ಮಾಡುತ್ತಾನೆ. ಎರಡು ವರ್ಷಕ್ಕೊಮ್ಮೆ ನವೆಂಬರಿನಲ್ಲಿ ಬಾಗಿಲು ಹಾಕಿ ಉತ್ತರಕ್ಕೆ ಹೊರಡುತ್ತಾನೆ, ಮಳೆ ಹಿಡಿಯುವ ಮೊದಲು ಮನೆ ಸೇರುತ್ತಾನೆ. ಪುಸ್ತಕ ಒಯ್ಯುವುದಿಲ್ಲ.