ರೌಟರ್ ಆರಿಸಿದ ತಿಂಗಳುಗಳು

ನಮ್ಮ ಯಜಮಾನರ ಕೈಗಳು ಸೋಲತೊಡಗಿದ್ದು ನಿವೃತ್ತಿಯಾದ ಮರುವರ್ಷ. ಮೊದಲು ಅಂಗಿಯ ಗುಂಡಿ ಹಾಕಿಕೊಳ್ಳಲು ಬಾರದಾಯಿತು, ಆಮೇಲೆ ಲೋಟ ಎತ್ತಲು, ಕೊನೆಗೆ ಗೋಡೆಯ ಸ್ವಿಚ್ಚು ಒತ್ತಲು. ನರಗಳ ಕಾಯಿಲೆ, ನಿಧಾನ ಮಾಡಬಹುದು, ನಿಲ್ಲಿಸಲಾಗದು ಎಂದರು ಡಾಕ್ಟರು. ಕೈಯ ನಂತರ ಮಾತಿಗೂ ಬರಬಹುದು ಎಂದರು. ಯಾವಾಗ ಎಂದು ಕೇಳಿದ್ದಕ್ಕೆ ಒಬ್ಬೊಬ್ಬರಿಗೆ ಒಂದೊಂದು ಥರ ಎಂದರು.

ಬಾಲಾನಗರದ ಕಾರ್ಖಾನೆಯಲ್ಲಿ ವಿಮಾನದ ರೇಡಿಯೊಗಳನ್ನು ಪರೀಕ್ಷಿಸುವುದು ಅವರ ಕೆಲಸವಾಗಿತ್ತು. ಒಂದು ಸಣ್ಣ ಗೊರಗೊರ ಕೇಳಿದರೂ ಪೆಟ್ಟಿಗೆಯನ್ನು ವಾಪಸು ಕಳಿಸುತ್ತಿದ್ದರಂತೆ. ಅಂಥವರು ಲಿಂಗಂಪಲ್ಲಿಯ ನಮ್ಮ ಫ್ಲಾಟಿನಲ್ಲಿ, ಫ್ಯಾನು ಹಚ್ಚಲು ನನ್ನನ್ನು ಕರೆಯಲಾಗದೆ, ಬೆವರುತ್ತ ಕೂತಿರುತ್ತಿದ್ದರು. ಸಹಾಯ ಕೇಳುವುದೆಂದರೆ ಅವರಿಗೆ ಮೊದಲಿನಿಂದಲೂ ಸಂಕೋಚ.

ಮಗಳು ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ, ಅಲ್ಲೇ ಹತ್ತಿರ ಗಂಡನ ಜೊತೆ ಇದ್ದಾಳೆ. ಮಾವಿನಕಾಯಿ ಬಂದ ಹೊಸತರಲ್ಲಿ ಒಂದು ಭಾನುವಾರ ದೊಡ್ಡ ಡಬ್ಬಿಯೊಂದನ್ನು ತಂದಳು. ಮಾತು ಕೇಳಿ ಹೊತ್ತಿಕೊಳ್ಳುವ ಬಲ್ಬುಗಳು, ಫ್ಯಾನಿಗೆ ಜೋಡಿಸುವ ಸ್ವಿಚ್ಚುಗಳು, ನಮ್ಮ ಮಾತು ಕೇಳಿಸಿಕೊಳ್ಳಲು ಪುಟ್ಟ ಸ್ಪೀಕರು.

"ಅಪ್ಪಾ, ಇನ್ನ ಅವ್ವನ್ನ ಕರಿಯೋದು ಬ್ಯಾಡ. ಬಾಯಿಂದ ಹೇಳ್ರಿ ಸಾಕು. ಆದ್ರ ಅದಕ್ಕ ನಮ್ಮ ಭಾಷಾ ಬರೂದಿಲ್ಲ, ಹಿಂದಿಯೊಳಗ ಹೇಳಬೇಕು."

ಅವರು ಗಂಟಲು ಸರಿ ಮಾಡಿಕೊಂಡು, ಯಾರೋ ದೊಡ್ಡ ಅಧಿಕಾರಿಯ ಜೊತೆ ಮಾತಾಡುವಂತೆ, "ಬತ್ತಿ ಜಲಾವ್" ಎಂದರು. ಪಡಸಾಲೆಯ ದೀಪ ಹೊತ್ತಿತು. "ಬಂದ್ ಕರೋ" ಎಂದರು, ಆರಿತು. ಮತ್ತೆ ಹೊತ್ತಿಸಿದರು. ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಅವರು ಒಂದು ಕೆಲಸವನ್ನು ತಾವೇ ಮಾಡಿದ್ದರು.

ತೊಂದರೆ ಇದ್ದದ್ದು ಮಲಗುವ ಕೋಣೆಯಲ್ಲಿ. ಇಂಟರ್ನೆಟ್ಟಿನವರು ಹಾಕಿಹೋದ ಹಳೆಯ ರೌಟರು ಬಾಗಿಲ ಬಳಿ ಇತ್ತು. ಬಲ್ಬು, ಫ್ಯಾನು ಮಾತು ಕೇಳಲು ಬೇಕಾದ ಅದರ ಸಿಗ್ನಲ್ಲು ಹಿಂದಿನ ಆ ಕೋಣೆಗೆ ಬರುವಷ್ಟರಲ್ಲಿ ಸತ್ತುಹೋಗುತ್ತಿತ್ತು.

"ನಾಳೆ ಹೊಸಾದು ತಂದು ಹಚ್ಚಿಬಿಡ್ತೀನಿ" ಎಂದಳು ಮಗಳು.

"ತಡಿ. ಯಾವುದೋ ಒಂದು ತರಬ್ಯಾಡ. ನಾನು ನೋಡಿ ಹೇಳ್ತೀನಿ. ಅಲ್ಲೀತನಾ ಇದನ್ನೆಲ್ಲಾ ತಗದು ಡಬ್ಯಾಗ ಇಡು. ಅರ್ಧಂಬರ್ಧ ಕೆಲಸ ನನಗ ಸೇರೂದಿಲ್ಲ."

ಡಬ್ಬಿ ಕಪಾಟು ಸೇರಿತು. ಅಲ್ಲಿಂದ ನಮ್ಮ ಮನೆಯಲ್ಲಿ ರೌಟರಿನದೇ ಮಾತು. ನಾನು ಫೋನು ಹಿಡಿಯುವುದು, ಅವರು ಓದುವುದು. ಅವರು ಹೇಳಿದ ಕಡೆ ನಾನು ನಿಂತು ಸಿಗ್ನಲ್ಲು ಎಷ್ಟಿದೆ ಎಂದು ಕೂಗುವುದು: ಅಡುಗೆಮನೆ, ಪಡಸಾಲೆ, ಬಚ್ಚಲ ಬಾಗಿಲು.

"ನೋಡು, ರೌಟರಿನ್ಯಾಗ ಎರಡು ತರಂಗ ಇರ್ತಾವ" ಎಂದು ನನಗೆ ತಿಳಿಸಿ ಹೇಳಿದರು. "ಒಂದು ಭಾಳ ಜೋರು, ಆದ್ರ ಗ್ವಾಡಿ ದಾಟೂದಿಲ್ಲ. ಇನ್ನೊಂದು ಸಾವಕಾಶ, ಗ್ವಾಡಿ ದಾಟಿ ಬರ್ತೈತಿ. ಈ ಬಲ್ಬಿಗೆ ಸಾವಕಾಶದ್ದೇ ಬೇಕು. ಎರಡಕ್ಕೂ ಒಂದೇ ಹೆಸರಿದ್ರ ಬಲ್ಬು ಗೊಂದಲಕ್ಕ ಬೀಳ್ತಾವ. ಬ್ಯಾರೆ ಬ್ಯಾರೆ ಹೆಸರು ಕೊಡಾಕ ಬರೂವಂಥಾದ್ದು ಬೇಕು."

ಆಟೋ ಮಾಡಿಕೊಂಡು ಅಂಗಡಿಗೂ ಹೋದೆವು. ಜೇಡದ ಕಾಲಿನಂತೆ ಆಂಟೆನಾ ಚಾಚಿದ್ದೊಂದನ್ನು ಅಂಗಡಿಯವನು ಹೊಗಳಿದ, ಇವರು ಒಪ್ಪಲಿಲ್ಲ. ಮಗಳು ತಡೆಯಲಾರದೆ ಒಂದು ತರಿಸಿದಳು. ಅದರಲ್ಲಿ ಎರಡು ತರಂಗಕ್ಕೂ ಒಂದೇ ಹೆಸರು, ಬೇರೆ ಮಾಡಲು ದಾರಿಯಿಲ್ಲ. ಬಲ್ಬುಗಳು ಸೇರಲೇ ಇಲ್ಲ. "ನಾ ಹೇಳಿರಲಿಲ್ಲಾ?" ಎಂದು ಖುಷಿಯಿಂದಲೇ ವಾಪಸು ಮಾಡಿಸಿದರು. ಕೋಣೆಗೊಂದು ಡಬ್ಬಿ ಇಡುವ ಬಗೆಯದನ್ನು ತೋರಿಸಿದರೆ, "ಮೂರು ಕೋಣಿಗೆ ಮೂರು ಡಬ್ಬಿ ಯಾಕ?" ಎಂದರು. ಕರೆಂಟು ಹೋದರೆ ಏನು ಗತಿ ಎಂಬ ವಿಚಾರಕ್ಕೇ ಮಳೆಗಾಲದ ಅರ್ಧ ಕಳೆಯಿತು.

ನನಗೂ ಅವಸರವಿರಲಿಲ್ಲ. ಕಾಯಿಲೆಯ ಮಾತಿಲ್ಲದೆ ದಿನ ಸರಿಯುತ್ತಿತ್ತು. ಅವರು ಮತ್ತೆ ಕಾರ್ಖಾನೆಗೆ ಹೋಗಿಬಂದವರಂತೆ ದಣಿದು, ಗಡದ್ದಾಗಿ ಮಲಗುತ್ತಿದ್ದರು.

ಶ್ರಾವಣದಲ್ಲಿ ಮಗಳು ನನ್ನನ್ನು ಅಡುಗೆಮನೆಗೆ ಕರೆದಳು. "ಅವ್ವಾ, ಅಪ್ಪನ ಮಾತು ತೊದಲಾಕತ್ತೈತಿ."

"ದಣಿವು ಆಗಿರ್ತೈತಿ" ಎಂದೆ. ಸುಳ್ಳು ಹೇಳಿದ್ದಲ್ಲ. ದಿನವೂ ಕೇಳುವ ಕಿವಿಗೆ ಅದು ತಿಳಿದಿರಲೇ ಇಲ್ಲ.

ಅವರು ಒಪ್ಪಿದ ರೌಟರು ಮನೆಗೆ ಬಂದಾಗ ಕೆಳಗೆ ಅಪಾರ್ಟ್‌ಮೆಂಟಿನ ಹೆಂಗಸರು ದಸರೆಯ ಹೊತ್ತಿನ ಬತುಕಮ್ಮ ಹಬ್ಬಕ್ಕೆ ಹೂ ಜೋಡಿಸುತ್ತಿದ್ದರು. ನಡುಮನೆಯ ಕಪಾಟಿನ ಮೇಲೆ, ಅವರು ಹೇಳಿದ ಜಾಗದಲ್ಲೇ ಇಟ್ಟೆವು. ಬಲ್ಬು, ಫ್ಯಾನು ಎಲ್ಲವೂ ಒಂದೇ ಸಲಕ್ಕೆ ಕೂಡಿಕೊಂಡವು. ಹಿಂದಿನ ಕೋಣೆಯವೂ ಸಹ. ಅವರ ಲೆಕ್ಕಾಚಾರದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಮಂಚದ ಮೇಲೆ ಕೂತು, "ಪಂಖಾ ಚಲಾವ್" ಎಂದು ಫ್ಯಾನಿಗೆ ಹೇಳಿದರು.

ಅರ್ಥವಾಗಲಿಲ್ಲ ಎಂದಿತು ಸ್ಪೀಕರು. ಇನ್ನೊಮ್ಮೆ, ನಿಧಾನವಾಗಿ ಹೇಳಿದರು. ಅದೇ ಉತ್ತರ. ದೀಪಕ್ಕೆ ಹೇಳಿದರೆ ಅದು ಏನನ್ನೋ ಕೇಳಿಸಿಕೊಂಡು ನಾಳೆಯ ಹವಾಮಾನ ಹೇಳತೊಡಗಿತು. ಅವರ ಕುತ್ತಿಗೆಯ ನರ ಉಬ್ಬಿತು. ನೋಡಲಾಗದೆ ನಾನೇ ಹೇಳಿದೆ. ಫ್ಯಾನು ಕೂಡಲೇ ತಿರುಗಿತು.

ಅವರು ಅದನ್ನು ನೋಡುತ್ತ ಏನೋ ಅಂದರು. ಮಗಳು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು, "ಏನಂದ್ರು?"

"ಸಿಗ್ನಲ್ ಚಲೋ ಐತಿ ಅಂದ್ರು" ಎಂದೆ. ಅಂದ ಮೇಲೆ ನನಗೆ ಹೊಳೆಯಿತು: ಯಂತ್ರಕ್ಕಷ್ಟೇ ಅಲ್ಲ, ಮಗಳಿಗೂ ಅವರ ಮಾತು ತಿಳಿದಿರಲಿಲ್ಲ.

ದೀಪಾವಳಿಗೆ ವಿಜಾಪುರದಿಂದ ಅವರ ತಂಗಿ ಫೋನು ಮಾಡಿದಳು. ಬೇಸಿಗೆಯಿಡೀ ಮಾಡುತ್ತಿದ್ದಳು, "ಇದೊಂದು ಮುಗೀಲಿ, ಆರಾಮಾಗಿ ಮಾತಾಡೋಣು" ಎಂದು ಇವರೇ ಬೇಗ ಇಟ್ಟುಬಿಡುತ್ತಿದ್ದರು. ಈಗ ಆರಾಮಾಗಿ ಮಾತಾಡಿದರು. ಅವಳಿಗೆ ಒಂದು ಮಾತೂ ಅರ್ಥವಾಗಲಿಲ್ಲ. "ವೈನೀ, ಅಣ್ಣ ಏನಂತಾನ?" ಎನ್ನುತ್ತ ಅತ್ತಳು. ಚಿಕ್ಕಂದಿನಲ್ಲಿ ಗೋಲಗುಮ್ಮಟದೊಳಗೆ ಇಬ್ಬರೂ ಕೂಗಿದ್ದನ್ನು ಅವರು ನೆನೆಸುತ್ತಿದ್ದರು. ನಾನು ಅವರ ಒಂದೊಂದು ಮಾತನ್ನೂ ಅವಳಿಗೆ ತಿರುಗಿ ಹೇಳಿದೆ. ಅಣ್ಣ ತಂಗಿಯ ನಡುವೆ ನಿಂತು ಅವರ ಮಾತು ಒಯ್ಯುವುದು ಎಂಥ ಕಷ್ಟವೆಂದು ಅಂದು ತಿಳಿಯಿತು.

ಪಡಸಾಲೆಯಲ್ಲೇ ಮಂಚ ಹಾಕಿದ್ದರೆ ಹಳೆಯ ರೌಟರೇ ಸಾಕಾಗುತ್ತಿತ್ತು. ಆ ಬೇಸಿಗೆ ಅವರು ತಮ್ಮ ಫ್ಯಾನಿಗೆ ತಾವೇ ಹೇಳಿಕೊಳ್ಳಬಹುದಿತ್ತು. ನಮ್ಮಲ್ಲಿ ಯಾರಿಗೂ ಅದು ಹೊಳೆಯಲಿಲ್ಲ. ಮುಂದಿನ ಬೇಸಿಗೆ ಬರುವ ಮುಂಚೆ ಅವರು ಹೋದರು.

ಈಚೆಗೆ ಮೇಲಿನ ಮಹಡಿಯವರ ಹೊಸ ಸೊಸೆ ಬಂದಿದ್ದಳು. ಅವಳ ಮನೆಗೂ ಇಂಥ ಬಲ್ಬುಗಳು ಬಂದಿವೆಯಂತೆ. "ಆಂಟೀ, ಏ ರೌಟರ್ ಮಂಚಿದಿ?" ಯಾವುದು ಒಳ್ಳೆಯದೆಂದು ತೆಲುಗಿನಲ್ಲಿ ಕೇಳಿದಳು. ತರಂಗಗಳಿಗೆ ಬೇರೆ ಬೇರೆ ಹೆಸರು ಕೊಡಲು ಬರುತ್ತದೆಯೇ ನೋಡು, ಮನೆಯ ನಡುವೆ ಎತ್ತರದಲ್ಲಿ ಇಡು ಎಂದೆ. ಅಷ್ಟೇನಾ ಎಂದಳು. ಅಷ್ಟೇ, ಇವತ್ತೇ ತರಿಸಿಬಿಡು ಎಂದೆ. ಅವಳು ಥ್ಯಾಂಕ್ಸ್ ಹೇಳಿ ಮೆಟ್ಟಿಲು ಹತ್ತಿದಳು. ಹೇಳಲು ಇದ್ದದ್ದು ಅಷ್ಟೇ ಆಗಿತ್ತೇ ಎಂದುಕೊಳ್ಳುತ್ತ ನಾನು ಬಾಗಿಲಲ್ಲೇ ನಿಂತಿದ್ದೆ.