ಕಂಬಳಿಯ ಕೆಳಗಿನ ತುಕ್ಕು

ನನಗೆ ಸಿಟ್ಟು ಬೇಗ ಬರುತ್ತದೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ವರ್ಷ ಹೆಂಡತಿಯ ಮೇಲೆ ಕೂಗಾಡಿದಷ್ಟು ನಾನು ಯಾರ ಮೇಲೂ ಕೂಗಾಡಿಲ್ಲ, ತಪ್ಪು ಮಾತ್ರ ಪೂರ್ತಿ ನನ್ನದೇ.

ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಹರಿಯಬ್ಬೆ ಪಕ್ಕದ ನಮ್ಮ ಊರಿನಿಂದ ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಹಿರಿಯೂರಿನ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಹೋಗಬೇಕಿತ್ತು. ಹೋಗುವಾಗ ಹೇಗೋ ಬಸ್ಸಿನಲ್ಲಿ ಹೋಗಬಹುದು, ಬರುವಾಗ ಆಗದು. ಒಂದು ಸಲ ಧರ್ಮಪುರದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವಳು ಹಾಗೇ ಕುಸಿದುಬಿಟ್ಟಳು. ಅಲ್ಲಿಂದ ಮುಂದೆ ನಮ್ಮ ಹಳೆಯ ಕಾರೇ ದಿಕ್ಕು. ಕಾರು ನಿಂತರೆ ಚಿಕಿತ್ಸೆ ನಿಂತ ಹಾಗೆ. ಚಿಕಿತ್ಸೆ ನಿಂತರೆ ಏನು ಎಂಬುದನ್ನು ಮನಸ್ಸಿನೊಳಗೂ ಹೇಳಿಕೊಳ್ಳುವ ಧೈರ್ಯ ನನಗಿರಲಿಲ್ಲ.

ಆ ಕಾರನ್ನು ಕೊಂಡದ್ದು ಕುರಿಗಳಿಗಾಗಿ. ಹಿಂದಿನ ಸೀಟು ಮಡಚಿದರೆ ನಾಲ್ಕು ಕುರಿ ಸಂತೆಗೆ ಹೋಗುತ್ತಿದ್ದವು. ಕುರಿಯ ಗಂಜಲ ಕಬ್ಬಿಣವನ್ನು ತಿನ್ನುತ್ತದೆ ಎಂದು ಯಾರೋ ಹೇಳಿದರು. ನಾನೋ ಮಹಾ ಬುದ್ಧಿವಂತ, ಹಿಂದಿನಿಂದ ಮುಂದಿನವರೆಗೂ ಕಂಬಳಿ ಹಾಸಿದೆ. ಕುರಿ ಕಾಯುವ ಮನೆಯಲ್ಲಿ ಹುಟ್ಟಿದವರಿಗೆ ಕಂಬಳಿಯ ಮೇಲೆ ಅಷ್ಟು ನಂಬಿಕೆ. ಮಳೆಗೆ ಅದೇ, ಚಳಿಗೆ ಅದೇ, ದೇವರ ಗದ್ದುಗೆಗೂ ಅದೇ. ಕಂಬಳಿ ಹಾಸಿದ ಜಾಗ ಕೆಡಬಹುದು ಎಂದು ನಮ್ಮಲ್ಲಿ ಯಾರಿಗೂ ಹೊಳೆಯುವುದಿಲ್ಲ. ಮುಟ್ಟಿ ನೋಡಿದಾಗ ಮೇಲೆ ಒಣಗಿದ್ದರೆ ಸಾಕು ಅಂದುಕೊಂಡೆ. ವರ್ಷಗಟ್ಟಲೆ ಗಂಜಲವನ್ನೂ ಮಳೆನೀರನ್ನೂ ಕುಡಿದ ಕಂಬಳಿ ಕೆಳಗಿನ ತಗಡಿಗೆ ಒದ್ದೆಯಾಗಿ ಅಂಟಿಕೊಂಡೇ ಇತ್ತು.

ಒಂದು ಗುರುವಾರ ಆಸ್ಪತ್ರೆಯಿಂದ ಬರುವಾಗ ಮಳೆ ಹಿಡಿಯಿತು. ಗುಂಡಿಗೆ ಚಕ್ರ ಇಳಿದದ್ದೇ ತಡ, ಅವಳ ಸೀಟಿನ ಮುಂದೆ ಕಂಬಳಿಯ ಅಂಚಿನಿಂದ ಕೆಸರು ನೀರು ಚಿಮ್ಮಿ ಅವಳ ಮುಖಕ್ಕೂ ನನ್ನ ಮೊಣಕಾಲಿಗೂ ಬಡಿಯಿತು. ನಿಲ್ಲಿಸಿ ಕಂಬಳಿ ಎತ್ತಿದೆ. ಅವಳ ಪಾದ ಇರಬೇಕಾದ ಕಡೆ ಡಾಂಬರು ರಸ್ತೆ ಕಾಣಿಸಿತು. ಅವಳು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದಳು. ಎಷ್ಟೋ ದಿನದಿಂದ ಹಾಗೇ ಕೂರುತ್ತಿದ್ದಳು, ಬಾವು ಬಂದ ಕಾಲಿಗೆ ಆರಾಮವಿರಬೇಕೆಂದು ನಾನು ಸುಮ್ಮನಿದ್ದೆ.

"ನಿಂಗೆ ಗೊತ್ತಿತ್ತೇನೇ?"

"ಶಿವರಾತ್ರಿಯಿಂದ್ಲೂ ಗೊತ್ತೈತೆ. ಹೇಳಿದ್ರೆ ಕಾರು ನಿಲ್ಲಿಸಿಬಿಡ್ತೀರಿ ಅಂತ ಸುಮ್ನಿದ್ದೆ."

ನಡುರಸ್ತೆಯಲ್ಲಿ ಬಾಯಿಗೆ ಬಂದಂತೆ ಬೈದೆ. ಕಾಲು ಜಾರಿ ಒಳಗೆ ಹೋಗಿದ್ದರೆ ಏನು ಗತಿ ಎಂದು ಅರಚಿದೆ. ಅವಳು ಸೆರಗಿನಿಂದ ಮುಖದ ಕೆಸರು ಒರೆಸಿಕೊಂಡು, "ಕೂಗಿದ್ರೆ ತೂತು ಮುಚ್ಕಂತೈತಾ? ಹೋಗಾಣ ನಡೀರಿ" ಅಂದಳು.

ಮನೆಯಲ್ಲೇ ಅಗ್ಗದಲ್ಲಿ ಮುಗಿಸೋಣವೆಂದು ತಂತಿ ಜಾಲರಿ ತಂದು, ತೂತಿಗೆ ಒತ್ತಿ, ಮೇಲೆ ಲಪ್ಪದ ಪೇಸ್ಟ್ ಮೆತ್ತಿ ಕಪ್ಪು ಬಣ್ಣ ಬಳಿದೆ. ನೋಡಲು ಹೊಸದರಂತಿತ್ತು. ಸೋಮವಾರ ಹಿರಿಯೂರು ಮುಟ್ಟುವುದರೊಳಗೆ ಇಡೀ ತೇಪೆ ಕಳಚಿ ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಡಯಾಲಿಸಿಸ್ ಮುಗಿದ ಮೇಲೆ ಅವಳನ್ನು ಕೂರಿಸಿಕೊಂಡೇ ನೇರ ಟಿಂಕರಿಂಗ್ ಅಂಗಡಿಗೆ ಹೋದೆ.

ಅಂಗಡಿಯ ಸಾಬರು ವಯಸ್ಸಾದವರು. ಕಾರಿನ ಕೆಳಗೆ ಬಗ್ಗಿ ಸ್ಕ್ರೂಡ್ರೈವರ್ ಒತ್ತಿದರು. ಅದು ಒಂದು ಕಡೆಯಿಂದ ಹೋಗಿ ಇನ್ನೊಂದು ಕಡೆ ಬಂತು.

"ಯಜಮಾನ್ರೆ, ಮುಟ್ಟಿದ್ರೆ ಉದುರ್ತೈತಲ್ರಿ. ತೂತಿರೋ ಕಡೆ ತಗಡು ಕೂರಿಸಿ ವೆಲ್ಡಿಂಗ್ ಮಾಡಿ ಕೊಡ್ತೀನಿ, ಕಮ್ಮೀಲಿ ಆಗ್ತೈತೆ. ಆದ್ರೆ ಒಂದು ವರ್ಷ ಬಂದ್ರೆ ಜಾಸ್ತಿ. ಇಲ್ಲಾಂದ್ರೆ ನೆಲ ಪೂರ್ತಿ ಕೊಯ್ದು, ಗುಜರೀಲಿ ಇಂಥದೇ ಗಾಡೀದು ತಂದು ಹಾಕ್ಬೇಕು. ಹತ್ತು ವರ್ಷ ತಿರುಗಿ ನೋಡಂಗಿಲ್ಲ. ಖರ್ಚು ಮಾತ್ರ ಜಾಸ್ತಿ ಬೀಳ್ತೈತೆ."

ಸುಳ್ಳು ಹೇಳುವುದಿಲ್ಲ, ತೇಪೆ ಸಾಕು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಔಷಧಿಗೇ ಪರದಾಡುತ್ತಿದ್ದೆವು. ಅಷ್ಟರಲ್ಲಿ ಕಾರಿನೊಳಗಿನಿಂದ ಅವಳ ದನಿ ಬಂತು.

"ಒಂದು ವರ್ಷದ್ದೇ ಮಾಡಿಸ್ರಿ. ಅಷ್ಟು ಬಂದ್ರೆ ಸಾಕಲ್ಲ."

ಅರ್ಧ ಕೇಜಿ ಈರುಳ್ಳಿ ಸಾಕು ಅನ್ನುವಷ್ಟು ಸಲೀಸಾಗಿ ಹೇಳಿದಳು. ಅದು ಕಾರಿನ ಲೆಕ್ಕವಲ್ಲ ಎಂದು ತಿಳಿಯಲು ನನಗೆ ಒಂದು ಗಳಿಗೆ ಹಿಡಿಯಿತು. ಸಾಬರಿಗೆ ನನಗಿಂತ ಮೊದಲೇ ತಿಳಿಯಿತೆಂದು ಕಾಣುತ್ತದೆ, ಅವರು ತಲೆ ತಗ್ಗಿಸಿ ಸ್ಕ್ರೂಡ್ರೈವರ್ ಒರೆಸತೊಡಗಿದರು.

"ಪೂರ್ತಿ ಕೊಯ್ರಿ ಸಾಬ್ರೆ!" ಎಂದು ಕಿರುಚಿದೆ. ಪಕ್ಕದ ಪಂಕ್ಚರ್ ಅಂಗಡಿಯವನು ಎದ್ದು ಬಂದ. "ಹತ್ತು ವರ್ಷದ್ದೇ ಹಾಕ್ರಿ! ಇವಳ ಮಾತು ಕೇಳ್ಬ್ಯಾಡ್ರಿ!"

"ಆಯ್ತು ಬಿಡ್ರಿ," ಅಂದರು ಸಾಬರು. "ಬಿಚ್ಚೋದು, ತುಕ್ಕು ಕೆರೆಯೋದು ನೀವೇ ಮಾಡ್ರಿ, ಆ ಕೂಲಿ ಉಳೀತೈತೆ. ಗುರುವಾರಕ್ಕೆ ಮುಗಿಸಾಣ. ಇವತ್ತು ನಿಮ್ಮನ್ನ ನಮ್ ಹುಡ್ಗ ಆಟೋದಲ್ಲಿ ಊರಿಗೆ ಬಿಡ್ತಾನೆ."

ಅವಳನ್ನು ಹಿಡಿದು ಇಳಿಸಿ ಅಂಗಡಿಯ ಬೆಂಚಿನ ಮೇಲೆ ಕೂರಿಸಿದೆ. ಅವಳು ಏನೋ ಹೇಳಲು ಬಂದಳು, ನಾನು ಕೇಳಿಸಿಕೊಳ್ಳದೆ ಅವಳ ಸೀಟು ಬಿಚ್ಚಲು ಕೂತೆ. ನಾಲ್ಕೇ ನಟ್ಟು. ತುಕ್ಕು ಹಿಡಿದು ಒಂದೂ ಅಲ್ಲಾಡಲಿಲ್ಲ, ಅವಕ್ಕೂ ಬೈಯುತ್ತಾ ಸ್ಪ್ಯಾನರ್ ಒತ್ತಿದೆ.